ಪಾರಮ್ಮ ನೀರು ಸೋಸುವ ಸೀರೆ

ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಹಚ್ಚೊಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನಮ್ಮೂರಿನ ಪಾರಮ್ಮ, ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುವ ಆಕೆಯ ಅಣ್ಣನ ಮಗಳು ಅಂಜನಾ.

“ಕಾಲುವಿ ನೀರಾಗ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಪುಡಿ ಇರತೈತಿ ಅತ್ತಿ. ಭತ್ತಕ್ಕ ಹೊಡೆದ ಔಷಧ ಅದಕ್ಕ ಹತ್ತಿಕೊಂತೈತಿ.”

“ಅದಕ್ಕಾ ಯಾಕ ಹತ್ತತೈತಿ?”

“ಪ್ಲಾಸ್ಟಿಕ್ ಡಬ್ಬಿಗೆ ಹತ್ತಿದ ಸಾರಿನ ಅರಿಶಿಣ ಎಷ್ಟು ತಿಕ್ಕಿದ್ರೂ ಹೋಗತೈತೇನು?”

“ಹೌದಲ್ಲ! ಹಂಗಾರ ನಾವಾ ಒಂದು ಹಿಡಿ ಪ್ಲಾಸ್ಟಿಕ್ ಹಾಕಾನು. ಔಷಧ ಹಿಡಕೊಂಡ ಮ್ಯಾಲ ಸೋಸಿ ಚೆಲ್ಲಾನು.”

ಅಂಜನಾ ನಕ್ಕಳು. “ಭಾರಿ ಅದಿ ನೀನು! ಸೋಸಿದ್ರೂ ಉಳಿದ ಪುಡಿ ಹೊಟ್ಟಿಗೆ ಹೋದ್ರ ಹಿಡಿದ ಔಷಧಾನ ಅಲ್ಲೇ ಬಿಡಬಹುದಂತ.”

“ಮಗಳು ಪಂಪಾವತಿ ಬಸುರಿ ಅಂತ ನಾನು ನಾಕು ಮಡಿಕಿ ಸೀರ್‍ಯಾಗ ಸೋಸೇ ಕೊಡತೀನಿ.”

“ಯಾವ ಸೀರಿ?”

“ಹಳೇ ನೈಲಾನಿಂದು. ಲಗೂನ ಒಣಗತೈತಿ.”

“ಅತ್ತೀ, ನೈಲಾನೂ ಪ್ಲಾಸ್ಟಿಕ್ಕೇ. ಹಳೇದಾದಂಗ ಎಳಿ ಉದುರತಾವು.”

“ಅಯ್ಯಯ್ಯ, ಮಗಳಿಗೆ ನಾನಾ ಕುಡಿಸಾಕತ್ತೀನೇನು?”

“ಹತ್ತಿ ಬಟ್ಟಿ ಕಟ್ಟು. ಪುಡಿ ಎಲ್ಲಾ ನಿಲ್ಲಂಗಿಲ್ಲ. ಆದ್ರ ಬಟ್ಟಿಂದ ಹೊಸದು ಬೀಳಂಗಿಲ್ಲ.”

ಬಸ್ಸು ಬಂತು.

“ಏಳು ಅತ್ತಿ, ಸೀಟು ಹಿಡಿಯಾನು.”

“ಬಸ್ಸು ಇನ್ನೊಂದು ಬರತೈತಿ. ಬಟ್ಟಿ ಅಂಗಡಿಗೆ ನಡಿ.”

“ಹತ್ತಿ ಅಂತ ಹೇಳಿ ಬ್ಯಾರೇದು ಕೊಟ್ರ?”

“ಕಡ್ಡಿಪೆಟ್ಟಿಗಿ ತಗೋ. ಅವರ ಮುಂದಾ ಒಂದೆಳಿ ಸುಡತೀನಿ. ಕರಗಿ ಮುದ್ದಿಯಾದ್ರ ಬ್ಯಾಡ, ಬೂದಿಯಾದ್ರ ಹತ್ತಿ, ತಗೊಳ್ಳಾನು.”

ಇಬ್ಬರೂ ಪೇಟೆಯ ಕಡೆ ಹೊರಟರು.