ನೆಲದ ಗೆರೆಯ ಕೆಳಗೆ

ಭಜನೆಯ ಪದಗಳನ್ನು ಜೆರಾಕ್ಸ್ ಮಾಡಿಸಲು ಮಧುಗಿರಿಯ ಆಸ್ಪತ್ರೆಯೆದುರಿನ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಎಂಜಿನಿಯರ್, ಲ್ಯಾಪ್‌ಟಾಪ್ ಹಿಡಿದ ಅವನ ಆಫೀಸಿನ ಹುಡುಗಿ.

"ಮನೆ ಮುಂಭಾಗದ ಎಲಿವೇಶನ್ ನಕ್ಷೇಲಿ ನೆಲದ ಗೆರೆಯಿಂದ ಕೆಳಕ್ಕೆ ಪಾಯವೇ ಕಾಣ್ತಿಲ್ವಲ್ಲ, ತೇಜಸ್ವಿನಿ?"

"ಪಾಯದ ಲೇಯರ್ ಆಫ್ ಮಾಡು, ಮನೆ ಕಟ್ಸೋರಿಗೆ ಚೆಂದ ಕಾಣ್ಲಿ ಅಂದಿದ್ದು ನೀವೇ ಸಾರ್."

"ಈಗ ಆನ್ ಮಾಡು. ಚುಕ್ಕಿ ಗೆರೇಲಿ ತೋರ್ಸಿ ಐದಡಿ ಅಂತ ಬರಿ. ತಾರೀಕು ಹಳೇದೇ ಇರ್ಲಿ."

"ಮೇಸ್ತ್ರಿ ಓಬಳಯ್ಯಂಗೆ ಕೊಟ್ಟಿದ್ದು ಪಾಯ ಇಲ್ಲದ ಇದೊಂದೇ ಹಾಳೆ. ಎಷ್ಟು ಅಗೀಲಿ ಅಂತ ಫೋನ್ ಮಾಡ್ದಾಗ ಎರಡೂವರೆ ಅಡಿ ಸಾಕು ಅಂದ್ರಿ."

"ಫೋನಲ್ಲಂದಿದ್ದು ಯಾರ್ ಕಂಡೋರು ಕಣಮ್ಮ? ಎನ್‌ಕ್ವೈರೀಲಿ ಪೇಪರ್ ನೋಡ್ತಾರೆ."

"ಗೋಡೆ ಬಿದ್ದು ಅವನ ಸೊಂಟ ಮುರಿದೈತೆ ಸಾರ್. ತಪ್ಪೂ ಅವನದೇ ಅಂದ್ರೆ..."

"ಸೊಂಟ ಮುರಿದೋನು ಇನ್ನೆಲ್ಲಿ ಗಾರೆ ಕೆಲ್ಸ ಮಾಡ್ತಾನೆ? ಅವನ ಹೆಸರು ಕೆಟ್ರೆ ಏನಾಯ್ತು? ನಂದಿನ್ನೂ ಮೂರು ಮನೆ ನಡೀತಾವೆ."

"ಈ ಹಾಳೆ ಮೊದ್ಲೇ ನೋಡಿದ್ದೆ ಅಂತ ಅವನು ಒಪ್ಕಾಬೇಕಲ್ಲ?"

"ಅವಂಗೆ ಓದೋಕೆ ಎಲ್ ಬತ್ತದೆ? ಆಸ್ಪತ್ರೆ ಕಾಗದ ಅನ್ನು, ಹೆಬ್ಬೆಟ್ಟು ಒತ್ತುತಾನೆ. ನಿನ್ನ ಮಗಳೇ ಅಂತ ಕರೀತಾನಲ್ಲ, ನೀನೇ ಕೇಳು."

ಹುಡುಗಿ ಲ್ಯಾಪ್‌ಟಾಪನ್ನು ಅಂಗಡಿಯ ಪ್ರಿಂಟರಿಗೆ ಜೋಡಿಸಿದಳು. ಆಮೇಲೆ ಕೀಲಿಗಳನ್ನು ಒತ್ತಿದಳು. ಯಂತ್ರದಿಂದ ಹಾಳೆ ಹೊರಬಂತು. ಮನೆಯ ಕೆಳಗೆ ಐದಡಿಯ ಪಾಯ ಚುಕ್ಕಿಚುಕ್ಕಿಯಾಗಿ ಮೂಡಿತ್ತು.

ಎಂಜಿನಿಯರ್ ಅಂಗಡಿಯವನ ಇಂಕ್ ಪ್ಯಾಡ್ ಕೇಳಿ ಪಡೆದ. ಇಬ್ಬರೂ ಆಸ್ಪತ್ರೆಯ ಕಡೆಗೆ ರಸ್ತೆ ದಾಟತೊಡಗಿದರು.

"ನಾಲ್ಕು ಮೂಸಂಬಿ ತಗಳಮ್ಮ," ಎಂದ ಅವನು. "ಬರಿಗೈಲಿ ಹೋದ್ರೆ ಚೆನ್ನಾಗಿರಲ್ಲ."