ಹೊಳೆ ದಾಟಿ ಬಂದವನು

ದೀಪ ಸಣ್ಣ ಮಾಡಿ ಹತ್ತಿರ ಬನ್ನಿ. ಜೋರಾಗಿ ಹೇಳೋ ವಿಷಯ ಅಲ್ಲ ಇದು. ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು ಅವಳು. ಹೆಣ ಸಾಗಿಸಿ ಬಂದು ಹೊಟ್ಟೆ ತುಂಬ ಊಟ ಮಾಡೋ ಗಟ್ಟಿಗಿತ್ತಿ.

ರಜೆ ಸಿಕ್ಕಿತು ಅಂತ ಅಕ್ಕ, ಭಾವ ಒಂದು ದಿನದ ನಡಿಗೆಗೆ ಹೊರಟರು. ಬೆಳಗ್ಗೆ ಗುಡ್ಡದ ಮೇಲಿನ ಹುಲ್ಲುಬಯಲು, ಮಧ್ಯಾಹ್ನ ಹೊಳೆ, ಆಮೇಲೆ ಕಾಡು, ಕತ್ತಲಾಗೋದರೊಳಗೆ ಊರು. ದಾರಿ ತೋರಿಸೋಕೆ ಒಬ್ಬ ಗೈಡು. ಒಳ್ಳೆ ಮಾತುಗಾರ. ಆದರೆ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

ಹುಲ್ಲುಬಯಲಲ್ಲಿ ಒಂದು ಮರ ಇಲ್ಲ, ಪೊದೆ ಇಲ್ಲ. ಅಲ್ಲಿ ಶುರುವಾಯಿತು... ಬೆನ್ನ ಹಿಂದೆ. ದಪ್... ಸರ್ರ್. ದಪ್... ಸರ್ರ್. ಒಂದು ಕಾಲು ಊರಿ ಇನ್ನೊಂದನ್ನು ಎಳೆಯೋ ಸದ್ದು. ವಾರ್ಡಿನಲ್ಲಿ ಅಕ್ಕ ದಿನಾ ಕೇಳೋದೇ. ತಿರುಗಿದಳು. ಕಣ್ಣು ಹಾಯುವಷ್ಟು ದೂರ ಯಾರೂ ಇಲ್ಲ. ಭಾವನ ಮುಖ ನೋಡಿದಳು. ಅವನಿಗೂ ಕೇಳಿಸಿತ್ತು.

ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ತಡೆಯಲಾರದೆ ಗೈಡನ್ನು ಕೇಳಿಯೇ ಬಿಟ್ಟಳು. ನರ್ಸಮ್ಮನ ಮುಂದೆ ಜನ ಬೇಗ ಬಾಯಿ ಬಿಡ್ತಾರೆ. ಅದು ಅವನ ತಮ್ಮನಂತೆ. ಇಬ್ಬರೂ ಸೇರಿ ಈ ಕೆಲಸಕ್ಕೆ ಇಳಿದವರು, ಆದರೆ ಬಂದವರೆಲ್ಲ ತಮ್ಮನೇ ಬೇಕು ಅನ್ನೋರು. ಇವನಿಗೆ ಹೊಟ್ಟೆಕಿಚ್ಚು. ಒಂದು ಸಂಜೆ ಗುಡ್ಡದ ಮೇಲೆ ತಮ್ಮ ಕಾಲು ಮುರಿದುಕೊಂಡ. ಜನ ಕರೆತರ್ತೀನಿ ಅಂತ ಇವನು ಊರಿಗೆ ಇಳಿದ.

"ಜನರನ್ನ ಕರ್ಕೊಂಡು ಹೋದ್ರಾ?" ಅಂದಳು ಅಕ್ಕ.

"ಮನೆಗೆ ಹೋಗಿ... ಮಲಗಿಬಿಟ್ಟೆ."

ತಮ್ಮ ಕಾಲೆಳೆದುಕೊಂಡು, ಕೊನೆಗೆ ತೆವಳಿಕೊಂಡು ಈ ದಂಡೆವರೆಗೂ ಬಂದು ಸತ್ತಿದ್ದ. ಅದಕ್ಕೇ ಸದ್ದು ಇಲ್ಲಿಗೇ ನಿಲ್ಲುತ್ತೆ, ಯಾವತ್ತೂ ಹೊಳೆ ದಾಟಲ್ಲ ಅಂತ ಗೈಡು ಕೈ ತೊಳೆದುಕೊಂಡ.

ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದರು. ಅಕ್ಕನೇ ಕೊನೆಗೆ. ಹಿಂದೆ ಬುಳುಕ್ ಅಂತ ಯಾರೋ ಜಾರಿದ ಸದ್ದು. ಅಭ್ಯಾಸಬಲವೋ, ಬೇಕಂತಲೇ ಮಾಡಿದಳೋ, ಇವತ್ತಿಗೂ ಹೇಳಲ್ಲ ಅವಳು. ಕೈ ಹಿಂದಕ್ಕೆ ಚಾಚಿ ಮೆಲ್ಲಗೆ ಅಂದಳು, "ಬಾಪ್ಪ, ನಿಧಾನಕ್ಕೆ ಬಾ. ನನ್ನ ಕೈ ಹಿಡ್ಕೊ."

ಹಿಡಿದುಕೊಂಡಿತು... ಐಸಿನಂಥ ಕೈ.

ಕಾಡಿನಲ್ಲಿ ತರಗೆಲೆ. ಚರಕ್... ಸರ್ರ್. ಚರಕ್... ಸರ್ರ್. ಗೈಡಿನ ಮಾತು ನಿಂತಿತು. ಸದ್ದು ಅಕ್ಕನನ್ನು ದಾಟಿತು. ಭಾವನನ್ನು ದಾಟಿತು. ಆಮೇಲೆ... ಲಟಕ್. ಸಪಾಟು ದಾರಿಯಲ್ಲಿ ಗೈಡಿನ ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಅವನ ಕಿವಿಯ ಹತ್ತಿರ ಒಂದು ಪಿಸುದನಿ. ಮೂವರಿಗೂ ಕೇಳಿಸಿತು.

"ಅಣ್ಣಾ, ನೀನಿಲ್ಲೇ ಕೂತಿರು. ನಾನು ಜನ ಕರ್ಕೊಂಡು ಬರ್ತೀನಿ."

ಹೆಜ್ಜೆಗಳು ಊರಿನ ಕಡೆ ಹೊರಟವು. ಚರಕ್, ಚರಕ್, ಚರಕ್... ಎರಡೂ ಕಾಲು ನೆಟ್ಟಗೆ.

ಭಾವ ಎದ್ದೆನೋ ಬಿದ್ದೆನೋ ಅಂತ ಊರಿಗೆ ಓಡಿದ. ಅಕ್ಕ ಎರಡು ಕೋಲಿಟ್ಟು ಶಾಲಿನಿಂದ ಕಾಲು ಕಟ್ಟಿದಳು. ಬಿಟ್ಟು ಹೋಗಬೇಡಿ ಅಂತ ಗೈಡು ಅವಳ ಕೈ ಬಿಡಲೇ ಇಲ್ಲ. ಕತ್ತಲು ಇಳಿಯಿತು. ದೂರದಲ್ಲಿ ಟಾರ್ಚು ಕಂಡವು, ಜನರ ಮಾತು ಕೇಳಿಸಿತು. ದಾರಿ ತೋರಿಸೋಣ ಅಂತ ಅಕ್ಕ ಕೈ ಬಿಡಿಸಿಕೊಂಡು ಎದ್ದು ಸ್ವಲ್ಪ ಮುಂದೆ ಹೋದಳು. ತಿರುಗಿದರೆ... ಯಾರೂ ಇಲ್ಲ. ಒಂದು ಎಲೆಯೂ ಸದ್ದು ಮಾಡಿರಲಿಲ್ಲ.

ಗೈಡು ಸಿಕ್ಕಿದ್ದು ಹೊಳೆಯ ಆಚೆ, ತಮ್ಮ ಸತ್ತ ದಂಡೆಯಲ್ಲಿ. ಅಂಗೈ, ಮಂಡಿ ಎಲ್ಲ ಕಿತ್ತುಹೋಗಿತ್ತು, ಬಹಳ ದೂರ ತೆವಳಿದವನ ಹಾಗೆ. ಉಸಿರಿರಲಿಲ್ಲ.

ಇಷ್ಟನ್ನೂ ಭ್ರಮೆ ಅನ್ನಿ ಬೇಕಾದರೆ. ಆದರೆ ಭಾವ ಊರು ಮುಟ್ಟುವಾಗಲೇ ಜನ ಟಾರ್ಚು ಹಿಡಿದು ಹೊರಟಾಗಿತ್ತು. ಊರಿಗೆ ಹೊಸದಾಗಿ ಬಂದಿದ್ದ ಒಬ್ಬ ಬಡಗಿಯ ಬಾಗಿಲು ಯಾರೋ ತಟ್ಟಿದ್ದರಂತೆ. ಮೈಯೆಲ್ಲ ಒದ್ದೆಯಾದ ಒಬ್ಬ ಹುಡುಗ, ಬಡಗಿಗೆ ಗುರುತಿಲ್ಲದವನು. ನಮ್ಮಣ್ಣ ಹೊಳೆ ದಂಡೇಲಿ ಸತ್ತು ಬಿದ್ದಿದ್ದಾನೆ, ಬನ್ನಿ ಅಂದನಂತೆ.

ಆ ಹೊತ್ತಿಗೆ ಗೈಡು ಕಾಡಿನಲ್ಲಿ ನಮ್ಮಕ್ಕನ ಕೈ ಹಿಡಿದು ಮಾತಾಡ್ತಿದ್ದ. ಆ ಬಡಗಿಯನ್ನು ನಾನೇ ಹೋಗಿ ಕೇಳಿದ್ದೀನಿ.