ತಿರುವಿನ ಹತ್ತೊಂಬತ್ತೂವರೆ ಅಡಿ

ಎಪ್ಪತ್ತೊಂದನೆಯ ಇಸವಿಯ ಆಷಾಢ. ಯಡ್ತರೆಯಲ್ಲಿ ನಮ್ಮ ಸರ್ವೇ ಪಾರ್ಟಿ ಬಾಡಿಗೆಗೆ ಹಿಡಿದಿದ್ದ ಹಂಚಿನ ಮನೆಯಲ್ಲಿ ಮಧ್ಯಾಹ್ನ ಮೂರಕ್ಕೇ ಲಾಟೀನು ಹಚ್ಚಬೇಕಾದಂಥ ಮಳೆ. ನೆಲದ ಮಟ್ಟ ನೋಡುವ ದುರ್ಬೀನಿನ ಪೆಟ್ಟಿಗೆಗಳು ಅಟ್ಟ ಸೇರಿ ವಾರವಾಗಿತ್ತು. ಬ್ರಹ್ಮಾವರದಿಂದ ಉತ್ತರಕ್ಕೆ ಹೋಗುವ ರಸ್ತೆಯ ತಿರುವುಗಳನ್ನು ನೆಟ್ಟಗೆ ಮಾಡುವುದು, ಏರಿಳಿತ ತಿದ್ದುವುದು ನಮ್ಮ ಕೆಲಸ. ನಾನು ನಕ್ಷೆ ಬರೆಯುವವ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಯಾರೋ ಕೊಟ್ಟ ಸೈಕ್ಲೋಸ್ಟೈಲ್ ಪುಸ್ತಕ ಓದಿ, ರಸ್ತೆಯನ್ನು ಅಂಕೆಗಳಲ್ಲಿ ಬರೆಯುವ ವಿದ್ಯೆ ಕಲಿತಿದ್ದೆ. ತಿರುವು ಎಲ್ಲಿ ಶುರು, ಅದರ ತ್ರಿಜ್ಯ ಎಷ್ಟು, ಏರು ನೂರಕ್ಕೆ ಎಷ್ಟು, ಮೂವತ್ತು ಮೀಟರಿಗೊಮ್ಮೆ ನೆಲದ ಮಟ್ಟ ಎಷ್ಟು... ಒಂದು ಚೌಕಕ್ಕೆ ಒಂದೇ ಅಂಕೆ. ನಾನು ತುಂಬಿದ ಹಾಳೆ ಮದರಾಸಿಗೆ ಹೋಗಿ, ರಟ್ಟಿನ ಕಾರ್ಡುಗಳಲ್ಲಿ ತೂತುಗಳಾಗಿ, ಕಂಪ್ಯೂಟರ್ ಎಂಬ ಯಂತ್ರದ ಹೊಟ್ಟೆಗೆ ಬಿದ್ದು, ಎಲ್ಲಿ ಮಣ್ಣು ತುಂಬಬೇಕು, ಎಲ್ಲಿ ಕಡಿಯಬೇಕು ಎಂಬ ಉದ್ದನೆಯ ಲೆಕ್ಕವಾಗಿ ಟಪಾಲಿನಲ್ಲಿ ವಾಪಸು ಬರುತ್ತಿತ್ತು.

ಅವತ್ತು ಬಂದದ್ದು ಎರಡನೆಯ ಸಲದ್ದು. ಉಪ್ಪುಂದದ ಈಚೆಯ ದೊಡ್ಡ ತಿರುವಿನಲ್ಲಿ, ಒಂದೇ ಒಂದು ಕಡೆ, ನೆಲ ಐದು ಮೀಟರು ತೊಂಬತ್ತನಾಲ್ಕು ಸೆಂಟಿಮೀಟರು ಆಳ ಎಂದಿತ್ತು. ಅಲ್ಲಿರುವುದು ಅಂಗೈಯಂತೆ ಸಪಾಟು ರಸ್ತೆ, ನಾನು ಬರೆದು ಕಳಿಸಿದ್ದೂ ಹಾಗೆಯೇ. ಮೊದಲ ಸಲ ತೂತು ಕೊರೆದವರ ತಪ್ಪೆಂದು ತಿರುಗಿ ಕಳಿಸಿದ್ದೆವು. ಮತ್ತೆ ಅದೇ ಅಂಕೆ.

"ಮಿಷನಿಗೂ ಮಳ್ಳ್ ಹಿಡೀತಾ ಎಂತ?" ಎಂದ ದೂರ ಅಳೆಯುವ ಚೈನು ಎಳೆಯುವ ಶೇಖರ.

"ನೀ ಚೈನ್ ಎಳ್ದ್ ರಸ್ತೆ ಅಲ್ದಾ? ಸಮ ಬಂದ್ರೇ ಸೋಜಿಗ," ಎಂದಳು ಅಡುಗೆಯ ಅಪ್ಪಿ, ಚಾ ಲೋಟ ಇಡುತ್ತ.

ಇಂಜಿನಿಯರ್ ದಿನಕರ ಕೂಡ ನಕ್ಕರು. ನಗದೆ ಇದ್ದವ ಅಣ್ಣಯ್ಯನೊಬ್ಬನೇ. ಮಟ್ಟ ಅಳೆಯುವಾಗ ಅಂಕೆ ಬರೆದ ಉದ್ದದ ಪಟ್ಟಿಯನ್ನು, ಅಂದರೆ ಸ್ಟಾಫನ್ನು, ನೆಟ್ಟಗೆ ಹಿಡಿದು ನಿಲ್ಲುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ಅದೇ.

"ಅಡಿ ಲೆಕ್ಕದಗೆ ಎಷ್ಟ್ ಆತ್ತ್?" ಎಂದು ಕೇಳಿದ.

ಗುಣಿಸಿ ನೋಡಿದೆ. "ಹತ್ತೊಂಬತ್ತೂವರೆ."

ಅಣ್ಣಯ್ಯ ಲೋಟವನ್ನು ನೆಲಕ್ಕಿಟ್ಟ.

"ಹ್ವಾಯ್, ಆ ಬಾಗ್ಲ್ ಹಾಕಿ ಹತ್ರ ಬನ್ನಿ. ಮಳೆ ಶಬ್ದಕ್ಕೆ ಕೂಗಿ ಹೇಳು ಮಾತಲ್ಲ ಇದ್... ಹನ್ನೆರಡ್ ವರ್ಷ ಆಯ್ತ್, ಐವತ್ತೊಂಬತ್ತನೇ ಇಸ್ವಿ, ಈ ರಸ್ತೆ ಮೊದ್ಲ್ ಹೊಡ್ದ್ ವರ್ಷ. ಆಗ ಅಲ್ಲಿ ತಿರುವೇ ಇರ್ಲಿಲ್ಲೆ, ಗೊತ್ತಾ? ರಸ್ತೆಗೆ ಅಂತ ನೆಟ್ಟ ಗೂಟ ಎಲ್ಲ ಸೂಜಿಯಂಗೆ ನೆಟ್ಟಗೆ ಹೋಪುದ್, ಒಡೇರ ತೆಂಗಿನ ತೋಟದ ನಡುವಗೆ. ಒಡೇರ್ ನನ್ನ ಕರ್ಸಿ ಕೇಂಡ್ರ್, ಎಂತ ಅಣ್ಣಯ್ಯ, ಗೂಟ ಎಲ್ಲಿ ತನಕ ಬತ್ತ್? ನಮ್ದ್ ಅವರ ಒಕ್ಕಲ್ ಮನೆ. ಅಪ್ಪ, ಅಜ್ಜ ಅವರ ಜಗ್ಲಿ ಕೆಳಗೆ ನಿಂತೇ ಮಾತಾಡಿದವ್ರ್. ಹೇಳ್ದೆ ಇಪ್ಪುಕೆ ಆತ್ತಾ? ಹೇಳ್ದೆ. ಮತ್ತೆ ಅವ್ರ್ ಹೇಳದ್ದನ್ನ ಮಾಡ್ದೆ... ಎಂತ ಮಾಡ್ದೆ ಕೇಣಿ. ಪಡುವಾಯಿ, ಸಮುದ್ರದ ಬದಿಗೆ ಮುತ್ತು ಅಂದೇಳಿ ಒಬ್ಳ್ ಹೆಂಗ್ಸ್, ಗಂಡ ಸತ್ತವ್ಳ್. ಒಂದ್ ಗುಡ್ಸಲ್, ಒಂದ್ ಬಾಮಿ. ಸಮುದ್ರ ಅಷ್ಟ್ ಹತ್ರ, ಊರಿನ ಬಾಮಿ ಎಲ್ಲ ಉಪ್ಪ್, ಅವ್ಳದ್ದೊಂದ್ ಸಿಹಿ. ಗಂಡನೂ ಅವ್ಳೂ ಎರಡ್ ಬೇಸ್ಗೆ ತೋಡಿದ ಬಾಮಿ ಅದ್. ಅದರ ಬದಿಗೆ ಅವ್ಳ್ ಬಟ್ಟೆ ಒಗೆವ ಕಲ್ಲ್, ಪಾಚಿ ಹಿಡ್ದ್, ನೂರ್ ವರ್ಷದ್ದಂಗೆ ಕಾಂಬುದ್. ಅವ್ಳ್ ಗದ್ದೆ ನೆಟ್ಟಿಗೆ ಹೋಪ ಹೊತ್ತಿಗೆ ಆ ಕಲ್ಲನ್ನ ನಾನ್ ಹೊತ್ಕ ಹೋದೆ. ಈ ಹೆಗಲ್ ಮೇಲೆ. ಒಡೇರ್ ಅದ್ರ ಮೇಲೆ ಉಳಿಯಿಂದ ಎರಡ್ ಹೆಡೆ ಗೀಚ್ಸಿ, ತೋಟದಗೆ ಗೂಟ ಇದ್ದಲ್ಲೇ ನೆಡ್ಸಿ, ಸುತ್ತ ಬಳ್ಳಿ ಹಬ್ಸಿ, ಅರಶಿನ ಬಳ್ದ್ರ್.

ಆಗಿನ ಇಂಜಿನಿಯರ್ ಬಯಲುಸೀಮೆಯವ್ರ್. ನಾಗಬನ ಅಂದ ಕೂಡ್ಲೆ ಜೋಡ್ ಕಳಚಿ ಕೈ ಮುಗ್ದ್ರ್. ನಮ್ಮೂರಗೆ ನಾಗನ ಕಲ್ಲಿಗೆ ಹಾರೆ ಹಾಕುವವ ಹುಟ್ಟಿದ್ನಾ? ಒಡೇರಿಗೆ ಆ ಲೆಕ್ಕ ಗೊತ್ತಿತ್ತ್. ರಸ್ತೆ ಪಡುವಾಯಿಗೆ ಬಗ್ತ್... ಮುತ್ತು ಬಾಮಿ ಮೇಲೆ.

ಅವ್ಳಿಗೆ ಕಲ್ಲಿನ ಗುರ್ತ ಸಿಕ್ಕುಕೆ ಎಷ್ಟ್ ಹೊತ್ತ್? ದಿನಾ ತಾನ್ ಬಟ್ಟೆ ಕುಟ್ಟಿದ ಕಲ್ಲ್! ಬೈಲಿಲ್ಲೆ, ಕೂಗ್ಲಿಲ್ಲೆ. ನನ್ನ ಹತ್ರ ಬಂದ್ ಹೇಳದ್ದ್ ಇಷ್ಟೇ, ಅಣ್ಣಯ್ಯ, ನಾನ್ ಹೇಳ್ರೆ ನಾಗನ್ನ ಬೈದ್ಳ್ ಅಂತ್ರ್. ನೀ ಹೊತ್ತವ. ನೀ ಒಂದ್ ಮಾತ್ ಹೇಳ್, ಸಾಕ್... ಮೂರ್ ದಿನ ಬಂದ್ಳ್. ಮೂರ್ ದಿನವೂ ನಾನ್ ಸ್ಟಾಫ್ ಒರ್ಸ್ತಾ ಕೂತಿದ್ದೆ. ಒರ್ಸುಕೆ ಎಂತ ಇತ್ತ್ ಅದ್ರಗೆ?

ನಾಲ್ಕನೇ ದಿನ ಬಾಮಿ ಮುಚ್ಚುದ್. ಎಷ್ಟ್ ಮಣ್ಣ್ ಬೇಕ್ ಅಂದೇಳಿ ಹಿಂದಿನ ದಿನ ನಾನೇ ಸೀಸದ ಗುಂಡ್ ಇಳ್ಸಿ ಅಳ್ದಿದ್ದೆ. ಇಪ್ಪತ್ತೊಂದ್ ಅಡಿ. ಬೆಳಿಗ್ಗೆ ಇಂಜಿನಿಯರ್ ಹೇಳ್ದ್ರ್, ಮತ್ತೊಂದ್ ಸಲ ಅಳಿ, ಬರ್ಕಂತೆ. ಗುಂಡ್ ಇಳ್ಸ್ದೆ... ಹತ್ತೊಂಬತ್ತೂವರೆಗೆ ನಿಂತ್ತ್. ಗಟ್ಟಿ ನೆಲಕ್ಕೆ ತಾಗಿದಂಗೆ ಅಲ್ಲ. ಮೆತ್ತಗೆ ನಿಂತ್ತ್. ಗುಡ್ಸಲ್ ಬಾಗ್ಲ್ ತೆರ್ದೇ ಇತ್ತ್, ಒಳಗೆ ಯಾರೂ ಇಲ್ಲೆ. ಕೈಯಗೆ ಹಗ್ಗ ಹಿಡ್ಕಂಡ್ ನಂಗೆ ಎಲ್ಲ ಗೊತ್ತಾಯ್ತ್ ಮಾರಾಯ್ರೆ... ಆದ್ರೆ ಹತ್ತೊಂಬತ್ತೂವರೆ ಅಂದ್ರೆ ಇಂಜಿನಿಯರ್ ಬಗ್ಗಿ ಕಾಂತ್ರ್. ಬಗ್ಗಿ ಕಂಡ್ರೆ ಅವ್ಳನ್ನ ತೆಗೀತ್ರ್. ತೆಗುದ್ರೆ ಎಂತಕ್ಕೆ ಬಿದ್ಳ್ ಅಂತ ಕೇಂತ್ರ್. ಕಲ್ಲ್ ಹೊತ್ತವ ಯಾರ್?

ಎಷ್ಟಾ, ಅಂದ್ರ್.

ಇಪ್ಪತ್ತೊಂದ್, ಅಂದೆ.

ಮಣ್ಣ್ ಬಿತ್ತ್. ಘಟ್ಟ ಹತ್ತಿ ಹೋದ್ಳ್ ಅಂತ ಊರವ್ರ್ ಹೇಳ್ದ್ರ್. ಹೌದ್, ನಾನೇ ಕಂಡೆ, ಗಂಟ್ ಹಿಡ್ಕಂಡ್ ಹೋಪುದ್, ಅಂತ ನಾನೂ ಸೇರ್ಸ್ದೆ."

ಅಣ್ಣಯ್ಯ ನಿಲ್ಲಿಸಿದ. ಅಪ್ಪಿ ಬಾಗಿಲಿಗೆ ಒರಗಿ ಕೂತುಬಿಟ್ಟಿದ್ದಳು.

"ಈಗ ನೀವ್ ಆ ತಿರುವನ್ನ ನೆಟ್ಟಗೆ ಮಾಡುಕೆ ಬಂದಿದ್ರಿ," ಎಂದ ದಿನಕರರ ಕಡೆ ತಿರುಗಿ. "ಮಾಡಿ ಮಾರಾಯ್ರೆ. ಅದ್ ಒಗೆವ ಕಲ್ಲ್. ಬೇಕಾರೆ ನಾನ್ ಊರೆದ್ರಿಗೆ ಹೇಳ್ತೆ. ಅವ್ಳನ್ನ ಮೇಲೆ ತೆಗ್ದ್ ಒಂದ್ ಹಿಡಿ ಬೆಂಕಿ ಕೊಡುವ."

ದಿನಕರ ಯಂತ್ರದ ಹಾಳೆಯನ್ನು ನನ್ನ ಮುಂದಕ್ಕೆ ಸರಿಸಿದರು. ಒಳ್ಳೆಯ ಮನುಷ್ಯ, ದನಿ ತಗ್ಗಿಸಿಯೇ ಹೇಳಿದರು.

"ಆ ಕಲ್ಲಿಗೆ ಈಗ ಬೆಳ್ಳಿ ಹೆಡೆ ಉಂಟ್ ಅಣ್ಣಯ್ಯ. ಬೊಂಬಾಯಿಂದ ಜನ ಬಂದ್ ಹಾಲ್ ಹೊಯ್ತ್ರ್. ಅಲ್ಲಿ ಹರಕೆ ಹೊತ್ತ್ ಮಕ್ಕಳಾದವ್ರ್ ಇದ್ದಾರ್. ಅವರ ಎದ್ರಿಗೆ ಅದ್ ಒಗೆವ ಕಲ್ಲ್ ಅಂತ ಹೇಳುದಾ? ನಿನ್ನನ್ನ ಕೊಲ್ತ್ರ್, ಮತ್ತೆ ನನ್ನನ್ನ."

ಆಮೇಲೆ ನನ್ನತ್ತ ನೋಡಿದರು. "ತಿರುವು ಇದ್ದಲ್ಲೇ ಇರಲಿ. ಆ ಅಂಕೆ ತಿದ್ದಿಬಿಡಿ."

ನಾನು ತಿದ್ದಿದೆ. ಯಂತ್ರದ ಹಾಳೆಯಲ್ಲಿದ್ದ ಐದು ಬಿಂದು ಒಂಬತ್ತು ನಾಲ್ಕನ್ನು ಹೊಡೆದು, ಮೂರು ಸೊನ್ನೆ ಬರೆದೆ. ಒಂದು ಚೌಕಕ್ಕೆ ಒಂದೇ ಅಂಕೆ, ಪುಸ್ತಕದಲ್ಲಿ ಹೇಳಿದ ಹಾಗೆ, ದುಂಡಗೆ. ಹಿಂಜರಿದೆ ಎಂದು ಬರೆಯಲು ಇವತ್ತಿಗೂ ಆಸೆ. ಹಿಂಜರಿಯಲಿಲ್ಲ.

ಅಣ್ಣಯ್ಯ ಆ ಸೊನ್ನೆಗಳನ್ನು ನೋಡಿ ನಕ್ಕ. ಅಂಥ ಕಹಿ ನಗುವನ್ನು ನಾನು ಮತ್ತೆ ಕೇಳಿಲ್ಲ.

"ಆಯ್ತ್. ಇಪ್ಪತ್ತೊಂದ್ ಅಂತ ನಾನೂ ಹೀಂಗೇ ಹೇಳದ್ದ್... ಮಳೆ ಬಿಟ್ಟ್ ಮೇಲೆ ಅಲ್ಲಿ ಮಟ್ಟ ಕಾಂಬುಕೆ ಹೋಪ. ಸ್ಟಾಫ್ ನಾನೇ ಹಿಡಿತೆ. ನೀವ್ ದುರ್ಬೀನಿಗೆ ಕಣ್ಣ್ ಇಡಿ. ಅದ್ರಗೆ ಎಲ್ಲ ತಲೆಕೆಳಗಾಯಿ ಕಾಂತ್ ಅಲ್ದಾ? ಮರ, ಸ್ಟಾಫ್, ನಾನ್, ಎಲ್ಲ ತಲೆಕೆಳಗ್. ಆದ್ರೆ ನನ್ ಬಗಲಿಗೆ ಒಬ್ಳ್ ನೆಟ್ಟಗೆ ನಿಂತಂಗೆ ಕಾಂತಳ್. ದುರ್ಬೀನಿನಗೆ ನೆಟ್ಟಗೆ ಕಂಡವ್ಳ್, ಅಲ್ಲಿ ನನ್ ಹತ್ರ ಹ್ಯಾಂಗೆ ಇರ್ತಳ್, ನೀವೇ ಲೆಕ್ಕ ಹಾಕಿ... ಬಾಮಿಗೆ ಬಿದ್ದ ಹಾಂಗೇ. ಕಾಲ್ ಮೇಲೆ, ತಲೆ ಕೆಳಗೆ. ಹನ್ನೆರಡ್ ವರ್ಷದಿಂದ ಅಲ್ಲಿ ನಿಂತಾಗೆಲ್ಲ ಅವ್ಳ್ ಕೂದ್ಲ್ ನನ್ ಪಾದದ್ ಮೇಲೆ ಬೀಳ್ತ್. ಬೇಸ್ಗೆಯಗೂ ಒದ್ದೆ."

ಲಾಟೀನಿನ ಬತ್ತಿ ತಗ್ಗಿಸಿ, ನನ್ನ ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿದ.

"ಇಷ್ಟ್ ದಿನ ನಾನ್ ಒಬ್ನೇ ಸುಳ್ಳ್ ಲೆಕ್ಕ ಹೇಳದ್ದ್, ಇವತ್ತ್ ನೀವೂ... ಕಾಲ್ ಎತ್ತಿ ಕೂಕಣಿ ಮಾರಾಯ್ರೆ. ನೆಲ ಒದ್ದೆ ಆಯ್ತ್."